ಡಿಸರ್ಟೇಶನ್‌ಗೆ ಕೋರಿಲೇಶನ್ ಸಾಕಾ? ಮಾಡಿದವರು ಅನುಭವ ಹೇಳಿ

ಹಾಸನದವಳು: ಎಂಎಸ್ಸಿ ಸೈಕಾಲಜಿ ಕೊನೇ ವರ್ಷ. ಪಿಯು ಮಕ್ಕಳ ಮೊಬೈಲ್ ಬಳಕೆಗೂ ನಿದ್ದೆಗೂ ಇರೋ ನಂಟು ನನ್ನ ವಿಷಯ. ಗೈಡ್ ಕೋರಿಲೇಶನ್ (ಒಂದರ ಜೊತೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಳೆಯೋದು) ಸಾಕು ಅಂತಾರೆ. ಸೀನಿಯರ್‌ಗಳು ‘ಪ್ರಯೋಗ ಯಾಕಿಲ್ಲ ಅಂತ ವೈವಾದಲ್ಲಿ ಹಿಡ್ಕೋತಾರೆ’ ಅಂತ ಹೆದರಿಸ್ತಿದ್ದಾರೆ. ಖರ್ಚನ್ನೂ ಹೇಳಿ.

ಕಾವೇರಿತೀರ: ನಾನು ಮಾಡಿದ್ದು ಅಪ್ಪ-ಅಮ್ಮನ ನಿರೀಕ್ಷೆ ಮತ್ತು ಪರೀಕ್ಷಾ ಭಯ. ‘ಬರೀ ಸರ್ವೇ ತಾನೇ’ ಅಂದವರು ಯಾರೂ ನನ್ನ ಜೊತೆ ಕಾಲೇಜು ಕಾಲೇಜು ಅಲೆಯಲಿಲ್ಲ. ಹದಿನೆಂಟು ತುಂಬದ ಮಕ್ಕಳು, ಪೋಷಕರ ಸಹಿ ಬೇಕು, ಮಕ್ಕಳ ಒಪ್ಪಿಗೆಯೂ ಬೇಕು. ಮನೆಗೆ ಕಳಿಸಿದ ಪತ್ರಗಳಲ್ಲಿ ಅರ್ಧಕ್ಕರ್ಧ ವಾಪಸ್ಸೇ ಬರಲಿಲ್ಲ. ಜೆರಾಕ್ಸ್‌ಗೇ ಎರಡು ಸಾವಿರದ ಮೇಲೆ ಹೋಯ್ತು. ಅಂಗಡಿಯವರು ಒಂದು ಕಟ್ಟಿನಲ್ಲಿ ಮೂರನೇ ಪುಟ ಖಾಲಿ ಬಿಟ್ಟಿದ್ರು, ಆ ಕ್ಲಾಸಿನ ಡೇಟಾ ಪೂರ್ತಿ ದಂಡ. ಕೆಲವರು ಮೊದಲಿಂದ ಕೊನೆವರೆಗೂ 4ಕ್ಕೇ ಟಿಕ್ ಹಾಕಿದ್ರು, ಉಲ್ಟಾ ಕೇಳಿದ ಪ್ರಶ್ನೆಗೂ 4! 0.3ರಷ್ಟು (ಸೊನ್ನೆ ಅಂದ್ರೆ ಇಲ್ಲ, 1 ಅಂದ್ರೆ ಪೂರ್ತಿ) ಸಂಬಂಧ ಹಿಡಿಯೋಕೆ, ಪವರ್ ಅಂದ್ರೆ ಇರೋ ಸಂಬಂಧ ಕಣ್ಣಿಗೆ ಬೀಳೋ ಸಾಧ್ಯತೆ 80% ಇಟ್ಕೊಂಡ್ರೆ, ಸ್ಯಾಂಪಲ್ ಲೆಕ್ಕ ಹಾಕೋ ಜಿಪವರ್ ಸಾಫ್ಟ್‌ವೇರ್ 84 ಜನ ಕೇಳುತ್ತೆ. ಇಂಥವನ್ನೆಲ್ಲ ತೆಗೆದ ಮೇಲೆ ಅಷ್ಟು ಉಳಿಯಬೇಕು.

ಧಾರವಾಡ ಪೇಡೆ: ಜೆರಾಕ್ಸ್ ಖರ್ಚು ಬಿಡ್ರಿ. ನನಗ ಹೊಡ್ತ ಬಿದ್ದಿದ್ದು ಸ್ಯಾಂಪಲ್‌ನಾಗ. ಓದಿನ ಆಸಕ್ತಿ ಮತ್ತ ಮಾರ್ಕ್ಸ್ ಅಂತ ವಿಷಯ ತೊಗೊಂಡಿದ್ದೆ. ಪರ್ಮಿಷನ್ ಕೊಟ್ಟ ಕಾಲೇಜಿನವರು ಟಾಪ್ ಸೆಕ್ಷನ್ ಒಂದನ್ನ ತೋರಿಸಿದ್ರು. ಎಲ್ಲಾರ್ದೂ ತೊಂಬತ್ತರ ಮ್ಯಾಲೆ. ಸ್ಕ್ಯಾಟರ್ ಪ್ಲಾಟ್ ತಗದ್ರ ಚುಕ್ಕಿ ಎಲ್ಲಾ ಬಲಕ್ಕ ಒತ್ತಿಕೊಂಡು ನಿಂತಿದ್ವು, ಆರ್ (ಕೋರಿಲೇಶನ್ ಅಂಕಿ) ಸೊನ್ನಿ ಹತ್ರ. ಸಂಬಂಧ ಇಲ್ಲ ಅಂತಲ್ರಿ, ಮಾರ್ಕ್ಸಿನಾಗ ಏರುಪೇರ ಇಲ್ಲಂದ್ರ ಸಂಬಂಧ ಹೆಂಗ ಕಾಣಬೇಕು? ವೈವಾದಾಗ ಇದನ್ನ ಬಿಡಿಸಿ ಹೇಳಿದೆ, ಒಪ್ಪಿದ್ರು. ಆದ್ರೂ ಆ ಕಾಲೇಜಿನವರ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ.

ಲ್ಯಾಬ್‌ಮೇಟ್: ಇಷ್ಟೆಲ್ಲ ಒದ್ದಾಡಿ ಕೊನೆಗೆ ಬರೆಯೋದು ‘ಸಂಬಂಧ ಇದೆ, ಕಾರಣ ಹೇಳಲಾಗದು’ ಅಂತ. ನಾನು ಪ್ರಯೋಗವನ್ನೇ ಮಾಡಿದೆ. ಚೀಟಿ ಎತ್ತಿ ಎರಡು ಗುಂಪು, ಒಂದಕ್ಕೆ ಹಾಡು ಹಾಕಿ ಪದಪಟ್ಟಿ ನೆನಪಿಡಿಸಿದೆ, ಇನ್ನೊಂದಕ್ಕೆ ನಿಶ್ಶಬ್ದ. ಹೆಡ್‌ಫೋನ್ ಬಾಡಿಗೆ ಕೈಯಿಂದ ಹೋಯ್ತು, ಆದ್ರೆ ‘ಕಾರಣ’ ಅಂತ ಧೈರ್ಯವಾಗಿ ಬರೆದೆ. ಸರ್ವೇ ಅನ್ನೋದು ಸೋಮಾರಿಗಳ ದಾರಿ.

ಕಾವೇರಿತೀರ: ಮಾತು ನೋಡ್ಕೊಂಡು ಆಡಿ ಸಾರ್. ಅಪ್ಪ-ಅಮ್ಮನ ಒತ್ತಡವನ್ನ ಚೀಟಿ ಎತ್ತಿ ಹಂಚೋಕಾಗುತ್ತಾ? 1950ರಲ್ಲಿ ಡಾಲ್ ಮತ್ತು ಹಿಲ್ ಅನ್ನೋ ಸಂಶೋಧಕರು ಲಂಡನ್ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಕೂರಿಸಿ ಸಿಗರೇಟಿನ ಬಗ್ಗೆ ಕೇಳಿದ್ರು. ಯಾರಿಗೂ ಸಿಗರೇಟು ಕೊಟ್ಟು ಪರೀಕ್ಷೆ ಮಾಡಲಿಲ್ಲ. ಅವರೂ ಸೋಮಾರಿಗಳಾ?

ಲ್ಯಾಬ್‌ಮೇಟ್: ಅದನ್ನ ಸಂಖ್ಯಾಶಾಸ್ತ್ರದ ಫಿಶರ್ ಅವರೇ ಒಪ್ಪಿರಲಿಲ್ಲ. ಸೇದೋ ಚಟಕ್ಕೂ ಕ್ಯಾನ್ಸರಿಗೂ ಹಿಂದೆ ಒಂದೇ ಅನುವಂಶಿಕ ಕಾರಣ ಇರಬಹುದು ಅಂದಿದ್ರು. ಮೂರನೇ ಚರ ಅಂತ ಓದಿಲ್ವಾ?

ಕಾವೇರಿತೀರ: ಓದಿದ್ದೀನಿ, ಮುಂದಿನದನ್ನೂ ಓದಿದ್ದೀನಿ. 1951ರಿಂದ ಡಾಲ್ ಮತ್ತು ಹಿಲ್ ಬ್ರಿಟನ್ನಿನ ಡಾಕ್ಟರುಗಳನ್ನೇ ವರ್ಷಗಟ್ಟಲೆ ಬೆನ್ನು ಹತ್ತಿದ್ರು. ಹೆಚ್ಚು ಸೇದಿದವರಲ್ಲಿ ಹೆಚ್ಚು ಸಾವು, ಬಿಟ್ಟವರಲ್ಲಿ ಕಡಿಮೆ. ನಿಂತಿದ್ದು ಫಿಶರ್ ವಾದ ಅಲ್ಲ.

ಧಾರವಾಡ ಪೇಡೆ: ಹಾಸನದ ತಂಗಿ ಕೇಳಿದ್ದು ನಿದ್ದಿ ಬಗ್ಗೆ. ಮೊಬೈಲ್ ಹಿಡದ್ರ ನಿದ್ದಿ ಕೆಡ್ತದೋ, ನಿದ್ದಿ ಬರದವರು ಮೊಬೈಲ್ ಹಿಡೀತಾರೋ? ಟೈಮ್ ಇದ್ರ ಅದ ಮಕ್ಕಳನ್ನ ಸೆಮಿಸ್ಟರ್ ಕೊನಿಗೆ ಇನ್ನೊಮ್ಮೆ ಕೇಳವಾ, ಯಾವುದು ಮೊದಲು ಅನ್ನೂದು ಸ್ವಲ್ಪರೆ ತಿಳೀತದ. ಮತ್ತ ‘ದಿನಾ ಎಷ್ಟು ತಾಸು’ ಅಂತ ಬಾಯಿಲೆ ಕೇಳಬ್ಯಾಡ, ಫೋನಿನ ಸೆಟ್ಟಿಂಗ್ಸ್‌ನಾಗ ಸ್ಕ್ರೀನ್ ಟೈಮ್ ನೋಡಿ ಬರಕೋ. ಎರಡೂ ಅವರ ಬಾಯಿಂದನ ಬಂದ್ರ ಸಂಬಂಧ ಸುಳ್ಳಸುಳ್ಳ ಉಬ್ಬತದ.

ತುಮಕೂರು ಹುಡುಗ: ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶ ಸಾಫ್ಟ್‌ವೇರ್‌ಗೆ ದುಡ್ಡು ಸುರಿಬೇಡಿ. ಡೇಟಾ ಅನಾಲಿಸಿಸ್ ಸೆಂಟರಿನವರೊಬ್ಬರು ನನ್ನಿಂದ ನಾಲ್ಕು ಸಾವಿರ ಇಸ್ಕೊಂಡು ಬರೀ ಪಿಯರ್‌ಸನ್ (ಸಾಮಾನ್ಯ ಕೋರಿಲೇಶನ್) ಟೇಬಲ್ ಕೊಟ್ರು. ಅದೇ ಕೆಲಸಕ್ಕೆ ಜಮೋವಿ ಸಾಫ್ಟ್‌ವೇರ್ ಪುಕ್ಕಟೆ.

ಲ್ಯಾಬ್‌ಮೇಟ್: ಪಿಯರ್‌ಸನ್ ಯಾಕೆ? ಡೇಟಾ ಒಂದು ಕಡೆ ವಾಲಿದ್ರೆ ಸ್ಪಿಯರ್‌ಮನ್ (ರ‍್ಯಾಂಕ್ ಮೇಲೆ ಲೆಕ್ಕ ಹಾಕೋ ಕೋರಿಲೇಶನ್) ಹಾಕ್ಬೇಕು.

ತುಮಕೂರು ಹುಡುಗ: ನನ್ನ ಡೇಟಾ ನೋಡದೇ ವಾಲಿದೆ ಅಂತ ನಿಮಗ್ಯಾರು ಹೇಳಿದ್ರು?

ಹಾಸನದವಳು: ಸ್ಕ್ರೀನ್ ಟೈಮ್ ಫೋಟೋ ತಗೊಳ್ಳೋದಕ್ಕೂ ಪೋಷಕರ ಪತ್ರದಲ್ಲಿ ಅನುಮತಿ ಕೇಳ್ಬೇಕಾ?

ಕಾವೇರಿತೀರ: ಕೇಳಲೇಬೇಕಮ್ಮ. ಫೋಟೋ ಬೇಡ, ಅಂಕೆ ಮಾತ್ರ ಬರ್ಕೊಂಡು ಬಾ. ಆ್ಯಪ್ ಹೆಸರು ಕಂಡ್ರೆ ಮಕ್ಕಳು ಕೊಡಲ್ಲ.