ಹಡಗಿನ ‘ಫೈರ್‌ಮನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವಿಕ್ಟೋರಿಯಾ ರಾಣಿ ಕಾಲದ ಸರಕಿನ ಉಗಿಹಡಗುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ‘ಹಡಗಿನ ತಳದಲ್ಲಿ ಫೈರ್‌ಮನ್‌ಗಳು ದುಡಿಯುತ್ತಿದ್ದರು’ ಅಂತ ಬರೆದಿದ್ದೆ. ಮಗಳು ಓದಿ, "ಯಾಕಪ್ಪಾ, ಹಡಗಿಗೆ ಬೆಂಕಿ ಬಿದ್ದಿತ್ತಾ?" ಅಂದಳು. ಅವಳ ತಪ್ಪೇನಿದೆ! ಈಗ ಫೈರ್‌ಮನ್ ಅಂದರೆ ಬೆಂಕಿ ಆರಿಸುವವನು. ಹಡಗಿನಲ್ಲಿ ಅವನು ಬೆಂಕಿ ಆರದ ಹಾಗೆ ನೋಡಿಕೊಳ್ಳುವವನು. ಪದ ಒಂದೇ, ಕೆಲಸ ಪೂರಾ ಉಲ್ಟಾ. ಸ್ಟೋಕರ್ ಅಂತ ಬರೆದರೆ ಗೊಂದಲ ಇಲ್ಲ, ಆದರೆ ಮಕ್ಕಳಿಗೆ ಅದು ಬರೀ ಸದ್ದು.

ಪದ ಹುಡುಕುವ ಮೊದಲು ಕೆಲಸ ಏನು ಅಂತ ನೋಡೋಣ. ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ 1866ರಲ್ಲಿ ಚೀನಾ ದಾರಿಗೆ ಇಳಿಸಿದ ‘ಅಗಮೆಮ್ನಾನ್’ ಹಡಗನ್ನೇ ತೆಗೆದುಕೊಳ್ಳಿ. ಒಂದು ಸಿಲಿಂಡರಿನಲ್ಲಿ ದುಡಿದ ಉಗಿಯನ್ನು ಇನ್ನೊಂದರಲ್ಲಿ ಮತ್ತೆ ದುಡಿಸುವ ಎಂಜಿನ್ ಅದರದು. ಹಾಗಾಗಿ ದಿನಕ್ಕೆ ಸುಮಾರು 20 ಟನ್ ಕಲ್ಲಿದ್ದಲು ಸಾಕಾಗುತ್ತಿತ್ತು. ಆ ಕಾಲಕ್ಕೆ ಇದು ಭಾರೀ ಉಳಿತಾಯ. ಕಲ್ಲಿದ್ದಲು ಕಮ್ಮಿ ಆದಷ್ಟೂ ಚಹಾ ಪೆಟ್ಟಿಗೆಗೆ ಜಾಗ ಜಾಸ್ತಿ. ಆದರೂ ಆ 20 ಟನ್ನನ್ನು ಮನುಷ್ಯರೇ ಸಲಿಕೆಯಲ್ಲಿ ಎತ್ತಿ ಹಾಕಬೇಕಿತ್ತು. ನಾಲ್ಕು ಗಂಟೆಗೆ ಒಂದು ಪಾಳಿ ಅಂದರೆ, ಒಂದು ಪಾಳಿಗೆ ಮೂರು ಟನ್ನಿಗೂ ಮೇಲೆ. 50 ಕೆಜಿ ಮೂಟೆಯ ಲೆಕ್ಕದಲ್ಲಿ 65 ಮೂಟೆ ದಾಟುತ್ತದೆ.

ಸುಮ್ನೆ ಎಸೆದರೂ ಆಗದು. ಕಲ್ಲಿದ್ದಲನ್ನು ಬಾಯ್ಲರಿನ ಒಲೆಯೊಳಗೆ ತೆಳ್ಳಗೆ, ಸಮವಾಗಿ ಹರಡಬೇಕು. ಒಂದು ಕಡೆ ಗುಡ್ಡೆಯಾದರೆ ಗಾಳಿ ಆಡದೆ ಹೊಗೆ ಏಳುತ್ತದೆ, ಉಗಿಯ ಒತ್ತಡ ಇಳಿಯುತ್ತದೆ. ಉದ್ದನೆಯ ಕಬ್ಬಿಣದ ಸರಳಿನಿಂದ ಕೆಂಡ ಕೆದಕಬೇಕು. ಬೂದಿ ಕರಗಿ ಗಟ್ಟಿಯಾಗಿ ಒಲೆಯ ತಳದ ಸರಳುಗಳಿಗೆ ಅಂಟಿದ್ದನ್ನು ಒಡೆದು ಎಳೆಯಬೇಕು. ಬೂದಿಯನ್ನು ಮೇಲೆತ್ತಿ ಸಮುದ್ರಕ್ಕೆ ಸುರಿಯಬೇಕು.

ಅಂಟಿಕೊಳ್ಳುವ ಆ ಗಟ್ಟಿಗೆ ಇಂಗ್ಲಿಷಿನಲ್ಲಿ ಕ್ಲಿಂಕರ್ ಅನ್ನುತ್ತಾರೆ. ಇಲ್ಲಿ ನನಗೆ ಖುಷಿಯಾಯಿತು. ನಮ್ಮಲ್ಲಿ ‘ಕಿಟ್ಟ’ ಇದೆಯಲ್ಲ! ಕಬ್ಬಿಣ ಕಾಯಿಸಿದಾಗ ಉಳಿಯುವ ಕಿಟ್ಟ. ಕುಲುಮೆಯಿಂದ ಹಡಗಿನ ಒಲೆಗೆ ತಂದರೆ ಯಾರೂ ತಕರಾರು ಮಾಡಲಾರರು ಅಂದುಕೊಂಡಿದ್ದೇನೆ.

ಟ್ರಿಮ್ಮರ್ ಅನ್ನುವವನದು ಬೇರೆ ಕಥೆ. ನಿಘಂಟು ನೋಡಿ ‘ಕತ್ತರಿಸುವವನು’ ಅಂತ ಬರೆದರೆ ಕೆಟ್ಟಿತು. ಹಡಗಿನವರ ಮಾತಿನಲ್ಲಿ ಟ್ರಿಮ್ ಅಂದರೆ ಹಡಗು ನೀರಿನಲ್ಲಿ ಹದವಾಗಿ, ಸಮವಾಗಿ ಕೂರುವುದು. ಕಲ್ಲಿದ್ದಲು ಒಂದು ಬದಿಯಿಂದಲೇ ಖಾಲಿಯಾದರೆ ಹಡಗು ವಾಲುತ್ತದೆ. ಅದನ್ನು ಸರಿದೂಗಿಸುತ್ತಾ, ಕತ್ತಲಲ್ಲಿ ದೂಳು ಕುಡಿಯುತ್ತಾ, ತಳ್ಳುಗಾಡಿಯಲ್ಲಿ ಒಲೆಯ ಬಾಯಿಗೆ ತಂದು ಸುರಿಯುವವನು ಅವನು. ‘ಕಲ್ಲಿದ್ದಲು ಹೊರುವವನು’ ಅಂದರೆ ಅರ್ಧ ಅರ್ಥ ಮಾತ್ರ ಬರುತ್ತದೆ. ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ.

ಅವನು ಕೆಲಸ ಮಾಡುವ, ಕಲ್ಲಿದ್ದಲು ತುಂಬಿಡುವ ಬಂಕರ್? ಮಕ್ಕಳಿಗೆ ಬಂಕರ್ ಅಂದರೆ ಸೈನಿಕರು ಅಡಗುವ ಜಾಗ. ‘ಕಲ್ಲಿದ್ದಲಿನ ಕಣಜ’ ಚೆನ್ನಾಗಿ ಕೇಳಿಸುತ್ತದೆ. ಆದರೆ ಕಣಜ ಅಂದ ಕೂಡಲೇ ಭತ್ತ, ರಾಗಿ, ಸುಗ್ಗಿ ನೆನಪಾಗುತ್ತದೆ. ಆ ಕರಿ ಗೂಡಿಗೆ ಅಷ್ಟು ಒಳ್ಳೆಯ ಪದ ಕೊಡಲು ನನಗೇಕೋ ಮನಸ್ಸಿಲ್ಲ.

ಪಾಳಿಗೆ ‘ಜಾವ’ ಹಾಕೋಣ ಅನ್ನಿಸಿತ್ತು. ಆದರೆ ನಮ್ಮ ಜಾವ ಮೂರು ಗಂಟೆಯದು, ಹಡಗಿನದು ನಾಲ್ಕು. ಲೆಕ್ಕ ತಪ್ಪುತ್ತದೆ. ಪಾಳಿಯೇ ಇರಲಿ. ಬಂದರಿನಲ್ಲಿ ದೊಡ್ಡ ಎಂಜಿನ್ ನಿಂತ ಮೇಲೂ ಸರಕು ಎತ್ತುವ ಯಂತ್ರಕ್ಕೆ ಉಗಿ ಕೊಡುವ ಚಿಕ್ಕ ಬಾಯ್ಲರ್ ಇರುತ್ತಿತ್ತು. ಅದು ಡಾಂಕಿ ಬಾಯ್ಲರ್, ಅದರವನು ಡಾಂಕಿಮನ್. ಇದಕ್ಕಂತೂ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ, ‘ಕತ್ತೆಚಾಕರಿ’ ನಮ್ಮಲ್ಲೂ ಇದೆ ಅಲ್ವಾ.

ಮತ್ತೆ ಫೈರ್‌ಮನ್‌ಗೆ ಬರುತ್ತೇನೆ. ಇಂಗ್ಲಿಷ್ ಹಡಗುಗಳಲ್ಲಿ ದುಡಿದ ನಮ್ಮ ಕಡೆಯ ನಾವಿಕರಿಗೆ, ಅಂದರೆ ಲಷ್ಕರರಿಗೆ, ಅವರದೇ ಮಾತಿತ್ತು. ಒಲೆ ನೋಡುವವನು ಆಗ್‌ವಾಲಾ, ಕಲ್ಲಿದ್ದಲು ತರುವವನು ಕೋಯ್ಲಾವಾಲಾ. ಅವರ ಮೇಲೆ ಟಿಂಡಾಲ್, ಅವನ ಮೇಲೆ ಸಾರಂಗ್. ಟಿಂಡಾಲ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಕರಾವಳಿಯ ದೋಣಿಯ ತಾಂಡೇಲನ ಸಂಬಂಧಿಯೇ. ಸಾರಂಗ್ ಮಾತ್ರ ಕನ್ನಡದಲ್ಲಿ ಬರೆದರೆ ಜಿಂಕೆಯಾಗಿ ಓಡಿಹೋಗುವ ಅಪಾಯ ಇದೆ!

ಆಗ್‌ವಾಲಾ ಅಷ್ಟು ಸಲೀಸಾಗಿ ಹುಟ್ಟಿತು. ನಮ್ಮಲ್ಲೇಕೆ ಆಗಬಾರದು? ನನಗೆ ಮೊದಲು ಹೊಳೆದದ್ದು ಆಲೆಮನೆ. ಕೊಪ್ಪರಿಗೆ ಕೆಳಗೆ ಕಬ್ಬಿನ ಸಿಪ್ಪೆ ತುರುಕುತ್ತಾ, ಉರಿ ಏರದಂತೆ ಇಳಿಯದಂತೆ ಕೂರುವವನನ್ನು ‘ಉರಿ ಹಾಕೋನು’ ಅಂತ ಕರೆಯುವುದು ಕೇಳಿದ್ದೇನೆ. ‘ಬೆಂಕಿ’ಗಿಂತ ‘ಉರಿ’ ಇಲ್ಲಿ ಸರಿ. ಬೆಂಕಿ ಬೀಳುತ್ತದೆ, ಉರಿಯನ್ನು ಹಾಕುತ್ತಾರೆ. ಅದನ್ನೇ ಚಿಕ್ಕದು ಮಾಡಿ ‘ಉರಿಯಾಳು’ ಅಂತ ಬರೆದಿದ್ದೇನೆ. ಕೂಲಿಯಾಳು, ಜೀತದಾಳು ಇದ್ದ ಹಾಗೆ. ಮಗಳು ಈ ಸಲ ನಗಲಿಲ್ಲ, ಆದರೆ "ಉರಿದುಹೋಗೋ ಆಳಾ?" ಅಂತ ಕೇಳಿದಳು.

ಮಂಗಳೂರು ಕಡೆಯವರಿಗೆ ಒಂದು ಕೋರಿಕೆ. 1865ರಿಂದ ಅಲ್ಲಿ ಹೆಂಚಿನ ಕಾರ್ಖಾನೆಗಳಿವೆ. ಹೆಂಚು ಸುಡುವ ಗೂಡಿಗೆ ಸೌದೆ ಹಾಕುತ್ತಿದ್ದವರನ್ನು ಏನಂತ ಕರೆಯುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ತಿಳಿಸಿ. ಒಂದೇ ಪದ ಸಿಕ್ಕಿದರೆ ಉರಿಯಾಳನ್ನು ಇವತ್ತೇ ಕೆಲಸದಿಂದ ಬಿಡಿಸುತ್ತೇನೆ.