ಮುಳಾ ನದಿಯ ಅಂತರಗಂಗೆ: ಇಷ್ಟು ಆಡಳಿತಗಳ ನಡುವೆ ಹೊಣೆ ಯಾರದ್ದಾಗಬೇಕು?

ಔಂಧ್‌ವಾಸಿ (ಪುಣೆ)

ಎಲ್ಲರಿಗೂ ನಮಸ್ಕಾರ. ಪುಣೆ, ಮುಂಬೈ, ಗೋವೆಯಲ್ಲಿರುವ ಕನ್ನಡಿಗರಲ್ಲಿ ನೀರಾವರಿ, ಮೀನುಗಾರಿಕೆ, ಪರಿಸರ ಕಾನೂನುಗಳನ್ನು ಬಲ್ಲವರು ಅನೇಕರಿದ್ದಾರೆಂಬ ಭರವಸೆಯಿಂದ ಕೇಳುತ್ತಿದ್ದೇನೆ.

ಔಂಧ್ ಮತ್ತು ಸಾಂಗವಿಯ ನಡುವೆ ಹರಿಯುವ ಮುಳಾ ನದಿಯ ಒಂದು ದಡ ಪುಣೆ ಮಹಾನಗರ ಪಾಲಿಕೆಗೂ ಎದುರಿನ ದಡ ಪಿಂಪ್ರಿ-ಚಿಂಚ್‌ವಡ ಪಾಲಿಕೆಗೂ ಸೇರಿದೆ. ಕೆಳಗೆ ಖಡಕಿಯಲ್ಲಿ ಕಂಟೋನ್ಮೆಂಟ್ ಮಂಡಳಿಯ ವ್ಯಾಪ್ತಿ ಬರುತ್ತದೆ. ಮೇಲೆ ಹಿಂಜವಡಿಯ ಕಡೆ ಗ್ರಾಮ ಪಂಚಾಯತಿಗಳೂ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇವೆ. ನದೀಪಾತ್ರವನ್ನು ನೋಡುವುದು ರಾಜ್ಯದ ಜಲಸಂಪನ್ಮೂಲ ಇಲಾಖೆ, ನೀರಿನ ಗುಣಮಟ್ಟವನ್ನು ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಇಲ್ಲಿನವರು ಜಲಪರ್ಣಿ ಎಂದು ಕರೆಯುವ ಅಂತರಗಂಗೆ ಇವರೆಲ್ಲರ ಗಡಿಗಳನ್ನೂ ದಾಟಿ ತೇಲುತ್ತದೆ. ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿ ಬಂದ ಈ ಸಸ್ಯ ಬೇಸಿಗೆಯಲ್ಲಿ ನೀರನ್ನು ದಡದಿಂದ ದಡಕ್ಕೆ ಮುಚ್ಚಿದಾಗ ಸೊಳ್ಳೆಯ ಕಾಟ ಎಷ್ಟಿರುತ್ತದೆಂಬುದನ್ನು ನದಿಯಂಚಿನ ವಸತಿ ಸಂಕೀರ್ಣಗಳಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋದ ನೀರಿನಲ್ಲಿ ಪರದೇಶದ ಕಳೆಯನ್ನಾಗಲಿ, ಮೀನನ್ನಾಗಲಿ ತಡೆಯಲು ಸರ್ಕಾರಗಳು ಒಟ್ಟಾಗಿ ಕೆಲಸ ಮಾಡಿದ ಮಾದರಿಗಳು ಎಲ್ಲಿವೆ? ನಮ್ಮಲ್ಲಿ ಅದಕ್ಕೆ ಕಾನೂನಿನ ಆಧಾರವಿದೆಯೇ? ಇದಕ್ಕಾಗಿ ಹೊಸದೊಂದು ಪ್ರಾಧಿಕಾರವೇ ಬೇಕೇ?

ಭೀಮಾತೀರದವ (ಕೋಥ್ರೂಡ್)

ಔಂಧ್‌ವಾಸಿಯವರೇ, ನನ್ನ ವೃತ್ತಿಜೀವನವೆಲ್ಲ ಕಾಲುವೆ, ಜಲಾಶಯಗಳ ಕೆಲಸದಲ್ಲೇ ಕಳೆದಿದೆ. ಹುಟ್ಟೂರು ಇಂಡಿ ತಾಲ್ಲೂಕಿನ ಭೀಮಾ ತೀರ. ನಿಮ್ಮ ಮನೆಯೆದುರಿನ ನೀರು ಸಂಗಮದಲ್ಲಿ ಮುಠೆಯನ್ನು ಕೂಡಿಕೊಂಡು, ದೌಂಡ್ ಕಡೆ ಭೀಮೆಯನ್ನು ಸೇರಿ, ಉಜನಿ ಜಲಾಶಯ ಮತ್ತು ಪಂಢರಪುರಗಳನ್ನು ದಾಟಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳನ್ನು ಹೊಕ್ಕು ಗಾಣಗಾಪುರವನ್ನು ಮುಟ್ಟುತ್ತದೆ. ಆದ್ದರಿಂದ ಈ ಪ್ರಶ್ನೆ ಎರಡು ಪಾಲಿಕೆಗಳದ್ದಷ್ಟೇ ಅಲ್ಲ, ಎರಡು ರಾಜ್ಯಗಳದ್ದೂ ಹೌದು. ಆದರೆ ನಮ್ಮ ರಾಜ್ಯಗಳ ನಡುವಿನ ಮಾತುಕತೆ ಬಹುಮಟ್ಟಿಗೆ ಟಿಎಂಸಿ ಲೆಕ್ಕದಲ್ಲೇ ಮುಗಿದುಹೋಗುತ್ತದೆ.

ಮೊದಲು ಗಿಡದ ಸ್ವಭಾವವನ್ನು ನೋಡೋಣ, ಏಕೆಂದರೆ ಆಡಳಿತದ ವ್ಯವಸ್ಥೆ ಅದಕ್ಕೆ ಹೊಂದಿಕೊಳ್ಳಬೇಕು. ಬಿಸಿಲು ಮತ್ತು ಕೊಳಚೆಯ ಪೋಷಕಾಂಶ ಸಿಕ್ಕಿದರೆ ಅಂತರಗಂಗೆ ಸುಮಾರು ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಅದರ ಬೀಜ ಕೆಸರಿನಲ್ಲಿ ಹದಿನೈದು-ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಮಳೆಗಾಲದಲ್ಲಿ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಬಹುಪಾಲು ಕಳೆ ಕೆಳಕ್ಕೆ ಕೊಚ್ಚಿಹೋಗುತ್ತದೆ, ದಡದ ಮೂಲೆಗಳಲ್ಲಿ ಅಲ್ಲಲ್ಲಿ ಸಣ್ಣ ತುಣುಕುಗಳು ಉಳಿಯುತ್ತವೆ. ಅಕ್ಟೋಬರ್-ನವೆಂಬರಿನಲ್ಲಿ ಆ ತುಣುಕುಗಳನ್ನು ತೆಗೆಯುವುದು ದೋಣಿ ಮತ್ತು ಕೆಲವೇ ಕೂಲಿಗಳಿಂದ ಆಗುವ ಕೆಲಸ. ಅದೇ ಕೆಲಸಕ್ಕೆ ಮಾರ್ಚಿನಲ್ಲಿ ಟೆಂಡರ್ ಕರೆದರೆ ಯಂತ್ರ ಬೇಕು, ಲಾರಿ ಬೇಕು, ಮೇಲಾಗಿ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವ ಗಿಡವನ್ನು ಹೊತ್ತೊಯ್ಯಲು ಹಣ ಸುರಿಯಬೇಕು. ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅದು ಮತ್ತೆ ನದಿಗೇ ಇಳಿಯುತ್ತದೆ.

ಹಾಗಾಗಿ ಸಮನ್ವಯದ ಮೊದಲ ಅಂಶ ಒಂದೇ ಕ್ಯಾಲೆಂಡರ್, ಎರಡನೆಯದು ಮೇಲಿನಿಂದ ಕೆಳಗೆ ಎಂಬ ಅನುಕ್ರಮ. ಮೇಲಿನವರು ಜನವರಿಯಲ್ಲಿ, ಕೆಳಗಿನವರು ನವೆಂಬರಿನಲ್ಲಿ ತೆಗೆದರೆ ಇಬ್ಬರ ಹಣವೂ ವ್ಯರ್ಥ.

ವಿಧಾನಗಳಲ್ಲೂ ಹೊಂದಾಣಿಕೆ ಬೇಕೆಂಬುದನ್ನು ಹಲವರು ಗಮನಿಸುವುದಿಲ್ಲ. ಈ ಗಿಡವನ್ನು ಮಾತ್ರ ತಿನ್ನುವ ಮೂತಿಹುಳುಗಳನ್ನು 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಕೃಷಿ ವಿಜ್ಞಾನಿಗಳು ಭಾರತಕ್ಕೆ ತರಿಸಿ, ಪರೀಕ್ಷಿಸಿ, ಅಲ್ಲಿನ ಕೆರೆಗಳಿಗೆ ಬಿಟ್ಟರು. ಅವು ನೆಲೆಯೂರಲು ಕೆಲವು ವರ್ಷಗಳೇ ಬೇಕು. ಒಂದು ಇಲಾಖೆ ಹುಳು ಬಿಟ್ಟ ನೀರಿನಲ್ಲಿ ಇನ್ನೊಂದು ಇಲಾಖೆ ಯಂತ್ರ ಇಳಿಸಿದರೆ ಗಿಡದ ಜೊತೆಗೆ ಹುಳುವೂ ಹೋಗುತ್ತದೆ. ಕಳೆನಾಶಕ ಸಿಂಪಡಿಸಿದರೂ ಹುಳುವಿಗೆ ಆಹಾರವಿಲ್ಲದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಪಾಷಾಣ್, ಕಾತ್ರಜ್‌ನಂಥ ನಿಂತ ನೀರಿನ ಕೆರೆಗಳಿಗೆ ಹುಳು, ಪ್ರತಿ ಮಳೆಗಾಲಕ್ಕೂ ಕೊಚ್ಚಿಹೋಗುವ ನದಿಗೆ ಮನುಷ್ಯರ ಕೈ, ಎಂದು ಮೊದಲೇ ಹಂಚಿಕೊಳ್ಳುವುದು ಸರಿ. ಇವೆಲ್ಲಕ್ಕಿಂತ ಮೇಲಿನದು ಕೊಳಚೆ ನೀರು. ಜಪಾನಿನ ಜೈಕಾ ಸಾಲದಲ್ಲಿ ಪುಣೆಗೆ 11 ಹೊಸ ಶುದ್ಧೀಕರಣ ಘಟಕಗಳನ್ನು ಕಟ್ಟುವ ಯೋಜನೆಗೆ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿತು. ಅದನ್ನು ಕಳೆ ನಿಯಂತ್ರಣದ ಯೋಜನೆಯೆಂದೂ ಪರಿಗಣಿಸಬೇಕು. ಸಾರಜನಕ ಮತ್ತು ರಂಜಕ ನದಿಗೆ ಸೇರುತ್ತಿರುವವರೆಗೆ ಕಳೆ ತೆಗೆಯುವುದು ಪ್ರತಿವರ್ಷದ ಖರ್ಚಾಗಿಯೇ ಉಳಿಯುತ್ತದೆ.

ಮಾದರಿ ಕೇಳಿದಿರಿ. ಅಮೆರಿಕ ಮತ್ತು ಕೆನಡಾ ನಡುವಿನ ಮಹಾ ಸರೋವರಗಳಲ್ಲಿ ಸೀ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ಮೀನುಗಾರಿಕೆಯನ್ನೇ ಹಾಳುಮಾಡಿದಾಗ, ಎರಡೂ ದೇಶಗಳು 1954ರ ಒಪ್ಪಂದದ ಮೂಲಕ ಜಂಟಿ ಮೀನುಗಾರಿಕಾ ಆಯೋಗವನ್ನು ರಚಿಸಿದವು. ಆ ಆಯೋಗ ಸರೋವರಗಳ ಒಡೆತನ ಪಡೆಯಲಿಲ್ಲ, ಯಾವ ರಾಜ್ಯದ ಅಧಿಕಾರವನ್ನೂ ಕಿತ್ತುಕೊಳ್ಳಲಿಲ್ಲ. ಎರಡೂ ಸರ್ಕಾರಗಳು ಹಣ ಹಾಕುವ ಬೊಕ್ಕಸ, ಮರಿಗಳು ಬೆಳೆಯುವ ಉಪನದಿಗಳಲ್ಲಿ ಸರದಿಯ ಮೇಲೆ ಔಷಧಿ ಹಾಕುವ ಕಾರ್ಯಕ್ರಮ, ಫಲಿತಾಂಶದ ಅಳತೆ ಇವಿಷ್ಟನ್ನೇ ಹಿಡಿದು ನಡೆಸಿ, ಬಹುತೇಕ ಕಡೆ ಆ ಜೀವಿಯ ಸಂಖ್ಯೆಯನ್ನು ಉತ್ತುಂಗದ ಕಾಲಕ್ಕಿಂತ ಶೇ. 90ರಷ್ಟು ಇಳಿಸಿದೆ. ನಮಗೂ ಹೊಸ ಪ್ರಾಧಿಕಾರ ಬೇಡ. ವಿಭಾಗೀಯ ಆಯುಕ್ತರ ಅಧ್ಯಕ್ಷತೆಯಲ್ಲಿ ಲಿಖಿತ ಒಪ್ಪಂದ, ದಡದ ಉದ್ದಕ್ಕೆ ತಕ್ಕಂತೆ ಪಾಲು ಹಾಕಿದ ಜಂಟಿ ನಿಧಿ, ಇಡೀ ನದಿಗೆ ಒಂದೇ ಗುತ್ತಿಗೆ ಇದ್ದರೆ ಸಾಕು. ಗುತ್ತಿಗೆಯ ಹಣವನ್ನೂ ತೆಗೆದ ಟನ್ನಿನ ಲೆಕ್ಕದಲ್ಲಿ ಕೊಡಬಾರದು, ಕಳೆಯಿಲ್ಲದೆ ಉಳಿದ ನದಿಯ ಉದ್ದಕ್ಕೆ ಕೊಡಬೇಕು. ಟನ್ನಿಗೆ ಕೊಟ್ಟರೆ ಗಿಡ ಬೆಳೆಯುವುದರಲ್ಲೇ ಗುತ್ತಿಗೆದಾರನ ಲಾಭವಿರುತ್ತದೆ.

ಜುವಾರಿ (ಗೋವಾ)

ಭೀಮಾತೀರದವರ ಮಾತು ನಿರ್ವಹಣೆಯ ಮಟ್ಟಿಗೆ ಸರಿ, ಆದರೆ ಅದು ಕಳೆ ಬೇರೂರಿದ ಮೇಲಿನ ಮಾತು. ಸಮುದ್ರದ ಕಡೆಯಿಂದ ನೋಡುವ ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಬಾಗಿಲು ಕಾಯುವ ಕೆಲಸ.

ಹಡಗುಗಳು ಸಮತೋಲನಕ್ಕೆಂದು ಒಂದು ಬಂದರಿನಲ್ಲಿ ತುಂಬಿಕೊಂಡ ನೀರನ್ನು ಇನ್ನೊಂದು ಬಂದರಿನಲ್ಲಿ ಚೆಲ್ಲುತ್ತವೆ. ಅದರೊಂದಿಗೆ ಲಾರ್ವಾಗಳೂ ಪಾಚಿಗಳೂ ಬರುತ್ತವೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇದಕ್ಕೆಂದು 2004ರಲ್ಲಿ ರೂಪಿಸಿದ ಒಪ್ಪಂದ ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲು ನಡೆದ ಗ್ಲೋಬ್ಯಾಲಾಸ್ಟ್ ಯೋಜನೆ ಪ್ರಯೋಗಕ್ಕಾಗಿ ಆರಿಸಿಕೊಂಡ ಆರು ಬಂದರುಗಳಲ್ಲಿ ಮುಂಬೈ ಕೂಡ ಒಂದು. ಅಲ್ಲಿ ಯಾವ ಜೀವಿಗಳು ಈಗಾಗಲೇ ಇವೆ ಎಂಬ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಇಂಥ ಮೂಲ ಪಟ್ಟಿ ಇಲ್ಲದಿದ್ದರೆ ಹೊಸದಾಗಿ ಬಂದದ್ದನ್ನು ಹೊಸದೆಂದು ಗುರುತಿಸಲಾಗುವುದಿಲ್ಲ.

ಗುರುತಿಸಿದ ಮೇಲಿನ ವೇಗದ ಬಗ್ಗೆ ಒಂದು ಉದಾಹರಣೆ ಕೊಡಲೇಬೇಕು. ಮಧ್ಯ ಅಮೆರಿಕದ ಕಪ್ಪುಪಟ್ಟೆಯ ಸಣ್ಣ ಚಿಪ್ಪುಜೀವಿಯೊಂದು ದಶಕಗಳ ಹಿಂದೆಯೇ ವಿಶಾಖಪಟ್ಟಣ ಮತ್ತು ಮುಂಬೈ ಬಂದರುಗಳಲ್ಲಿ ನೆಲೆಯೂರಿತು. ಅದೇ ಬಗೆಯ ಜೀವಿ 1999ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ದೋಣಿಗಳು ತಂಗುವ ಕಟ್ಟೆಯೊಂದರಲ್ಲಿ ಕಂಡಾಗ, ಅಲ್ಲಿನ ಆಡಳಿತ ಮೂರು ತಂಗುದಾಣಗಳ ಬಾಗಿಲು ಮುಚ್ಚಿಸಿ, ಕ್ಲೋರಿನ್ ಮತ್ತು ಮೈಲುತುತ್ತ ಹಾಕಿ, ಕೆಲವೇ ವಾರಗಳಲ್ಲಿ ಅದನ್ನು ನಿರ್ಮೂಲ ಮಾಡಿತು. ಆ ನೀರಿನಲ್ಲಿದ್ದ ಇತರ ಜೀವಿಗಳೂ ಸತ್ತವು ಎಂಬುದು ನಿಜ. ಆದರೂ ಅದು ಸರಿಯಾದ ನಿರ್ಧಾರವೆಂದೇ ನಾನು ನಂಬುತ್ತೇನೆ. ದೋಣಿ ತಡೆಯುವವರು ಯಾರು, ವಿಷ ಹಾಕಲು ಅನುಮತಿ ಕೊಡುವವರು ಯಾರು, ಖರ್ಚು ಭರಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಅಂಥ ದಿನ ಉತ್ತರ ಹುಡುಕುತ್ತ ಕೂರಲಾಗದು. ಮುಂಬೈ ಅಥವಾ ಮುರಗಾಂವ್ ಬಂದರಿನಲ್ಲಿ ನಾಳೆಯೇ ಹೊಸ ಜೀವಿಯೊಂದು ಕಂಡರೆ ಬಂದರು ಆಡಳಿತ, ಹಡಗು ಸಾರಿಗೆ ಮಹಾನಿರ್ದೇಶನಾಲಯ, ನೌಕಾಪಡೆ, ರಾಜ್ಯದ ಮೀನುಗಾರಿಕೆ ಇಲಾಖೆ ಇಷ್ಟೂ ಜನರ ಒಪ್ಪಿಗೆ ಬೇಕಾಗುತ್ತದೆ. ಜಂಟಿ ನಿಧಿಗಿಂತ ಮೊದಲು ನಮಗೆ ಮುಂಗಡವಾಗಿ ಸಹಿಯಾದ ಇಂಥ ತುರ್ತು ಆದೇಶ ಬೇಕು.

ಡೊಂಬಿವಲಿ ಕನ್ನಡತಿ (ಮುಂಬೈ)

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಸಂವಿಧಾನದಲ್ಲಿ ನೀರು ಮತ್ತು ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿವೆ, ಅಂತರರಾಜ್ಯ ನದಿಗಳ ನಿಯಂತ್ರಣಕ್ಕೆ ಕೇಂದ್ರಪಟ್ಟಿಯಲ್ಲಿ ಅವಕಾಶವಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 62ಎ ಕಲಮಿನಡಿ ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಹರಡುವಿಕೆಯನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರ ಕೇಂದ್ರಕ್ಕೆ ಬಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹೊಂದಿರಬೇಕು. ಎರಡೂ ದಡದ ಸಮಿತಿಗಳು ಒಟ್ಟಿಗೆ ಕೂರಲು ಯಾವ ಅಡ್ಡಿಯೂ ಇಲ್ಲ.

ಆದರೆ ನಿಷೇಧವೊಂದೇ ಸಾಲದು ಎಂಬುದಕ್ಕೆ ಥಾಯ್ ಮಾಂಗೂರ್ ಎನ್ನುವ ಆಫ್ರಿಕನ್ ಕ್ಯಾಟ್‌ಫಿಷ್ ಸಾಕ್ಷಿ. ಸ್ಥಳೀಯ ಮೀನುಗಳನ್ನು ತಿಂದುಹಾಕುವ ಈ ಮೀನಿನ ಸಾಕಣೆಯನ್ನು ಕೇಂದ್ರ 2000ದಲ್ಲೇ ನಿಷೇಧಿಸಿತು. ಆದರೂ ಕೊಳಗಳಲ್ಲಿರುವ ಮೀನನ್ನು ನಾಶಪಡಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಹೇಳಬೇಕಾಯಿತು. ಒಂದು ರಾಜ್ಯ ಕೊಳ ಒಡೆಸಿದರೂ ಮರಿ ಇನ್ನೊಂದು ರಾಜ್ಯದಿಂದ ಲಾರಿಯಲ್ಲಿ ಬರುತ್ತದೆ. ಹಾಗೆಂದು ಸಾಕಣೆಗೆ ಸಾಲ ಮಾಡಿದ ಕುಟುಂಬಕ್ಕೆ ಬದಲಿ ಮೀನಿನ ಮರಿಯನ್ನೂ ಒಂದಿಷ್ಟು ಪರಿಹಾರವನ್ನೂ ಕೊಡದೆ ಕೊಳ ಒಡೆಯುವುದು ನ್ಯಾಯವೂ ಅಲ್ಲ, ಅದರಿಂದ ಕೆಲಸವೂ ಆಗದು.

ಔಂಧ್‌ವಾಸಿ (ಪುಣೆ)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮ ವಸತಿ ಸಂಕೀರ್ಣಗಳ ಒಕ್ಕೂಟದ ಮುಂದೆ ಇದನ್ನೆಲ್ಲ ಇಡುತ್ತೇನೆ. ನಾಗರಿಕರಾಗಿ ಮೊದಲು ಏನು ಕೇಳಬೇಕು?

ಭೀಮಾತೀರದವ (ಕೋಥ್ರೂಡ್)

ಜುವಾರಿಯವರ ಮಾತನ್ನು ಒಪ್ಪುತ್ತೇನೆ. ತುರ್ತು ಆದೇಶ ನದಿಗೂ ಬೇಕು, ನಾಳೆ ಬೇರೊಂದು ಕಳೆ ಬಂದೀತು.

ನಿಮ್ಮ ಪ್ರಶ್ನೆಗೆ ಉತ್ತರ: ಮಾಹಿತಿ ಹಕ್ಕು ಕಾಯ್ದೆಯಡಿ ಎರಡೂ ಪಾಲಿಕೆಗಳಿಗೆ, ಕಂಟೋನ್ಮೆಂಟ್ ಮಂಡಳಿಗೆ ಮತ್ತು ಜಲಸಂಪನ್ಮೂಲ ಇಲಾಖೆಗೆ ಒಂದೇ ದಿನ, ಒಂದೇ ಒಕ್ಕಣೆಯ ಅರ್ಜಿ ಹಾಕಿ. ಕಳೆದ ಮೂರು ವರ್ಷಗಳಲ್ಲಿ ಕಳೆ ತೆಗೆಯಲು ಕಾರ್ಯಾದೇಶ ಹೊರಡಿಸಿದ ದಿನಾಂಕ, ಕೆಲಸ ಶುರುವಾದ ದಿನಾಂಕ, ಹಣ ಪಾವತಿಯ ಅಳತೆಗೋಲು, ತೆಗೆದ ಕಳೆಯನ್ನು ಸಾಗಿಸಿದ ಜಾಗ, ಮೇಲಿನ ಆಡಳಿತದೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿ ಇವಿಷ್ಟನ್ನು ಕೇಳಿ. ನಾಲ್ಕೂ ಉತ್ತರಗಳು ಬಂದ ಮೇಲೆ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಮುಂದಿನ ಸಾಲಿನ ಬಜೆಟ್ ತಯಾರಾಗುವ ಮೊದಲೇ ವಿಭಾಗೀಯ ಆಯುಕ್ತರ ಕಚೇರಿಗೆ ಕೊಡಿ. ಮರಾಠಿಯಲ್ಲಿ ಕರಡು ಬರೆದುಕೊಡುವ ಕೆಲಸ ನನಗಿರಲಿ.