ತೊಗಲು ಗೊಂಬೆಯಾಟದ ತಂಡ ಕರೆಸಬೇಕು, ದಾರಿ ತೋರಿಸಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ವಾ, ಆಗಿನಿಂದ ನನಗೆ ತೊಗಲು ಗೊಂಬೆಯದ್ದೇ ಗುಂಗು. ತೊಂಬತ್ತು ದಾಟಿದ ಅಜ್ಜಿ. ಚಿಕ್ಕ ವಯಸ್ಸಿನಿಂದ ಗೊಂಬೆ ಆಡಿಸುತ್ತಾ ಬಂದವರು, ರಾಮಾಯಣ, ಮಹಾಭಾರತದ ಕಥೆಗಳನ್ನು ವಿದೇಶಕ್ಕೂ ಕೊಂಡೊಯ್ದವರು. ಇಂಥವರ ಬಗ್ಗೆ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರೂ ನನಗೆ ಅಷ್ಟೇ ಇಷ್ಟ. ಇದೇ ಗೊಂಬೆಗಳಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ, ಗಾಂಧೀಜಿಯ ಬದುಕು ಹೇಳಿದವರು ಅವರು. ಹಳೆಯ ಕಲೆ ಹೊಸ ಮಾತು ಆಡಬಲ್ಲದು ಎಂದು ನಾನು ನಂಬಿದ್ದೇ ಅವರಿಂದ. 2023ರಲ್ಲಿ ತೀರಿಕೊಂಡರು.

ಚರ್ಮವನ್ನು ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡಿ, ಬಣ್ಣ ಹಾಕಿ, ಒಡವೆ-ಸೀರೆಯ ಕುಸುರಿಯನ್ನು ಸಣ್ಣ ಸಣ್ಣ ತೂತುಗಳಲ್ಲಿ ಕೊರೆಯುತ್ತಾರೆ. ಹಿಂದೆ ದೀಪ ಹಚ್ಚಿದರೆ ಆ ತೂತುಗಳೇ ಪರದೆಯ ಮೇಲೆ ಮಿನುಗುತ್ತವೆ. ಇದಕ್ಕಿಂತ ದೊಡ್ಡ ಡಿಸೈನ್ ಪಾಠ ಬೇಕಾ?

ನಮ್ಮೂರ ಶಾಲೆಯಲ್ಲಿ ಒಂದು ಸಂಜೆ ಆಟ ಇಡಿಸುವ ಆಸೆ. ಊರು ತುಮಕೂರಿನ ಹತ್ತಿರ. ಈಗಲೂ ಆಟ ಆಡುವ ತಂಡಗಳು ನಿಮಗೆ ಗೊತ್ತಿವೆಯೇ? ಸಂಭಾವನೆ ಎಷ್ಟು ಕೊಟ್ಟರೆ ನ್ಯಾಯ? ಚೌಕಾಸಿ ಮಾಡುವ ಮನಸ್ಸಿಲ್ಲ, ಊರವರಿಂದ ಹಣ ಕೂಡಿಸುತ್ತೇವೆ. ಪರದೆ, ದೀಪ ಅವರೇ ತರುತ್ತಾರಾ, ನಾವು ಕಟ್ಟಬೇಕಾ? ಶಾಲೆಯ ಅಂಗಳ ಪೂರ್ತಿ ಕತ್ತಲಾಗುವುದಿಲ್ಲ, ಬೀದಿದೀಪ ಇದೆ. ಅದು ಅಡ್ಡಿಯಾಗುತ್ತದಾ?

ಹಿಂದೆ ಆಟ ಕರೆಸಿದ ಅನುಭವ ಇರುವವರು ದಯವಿಟ್ಟು ಬರೆಯಿರಿ. ಕಲಾವಿದರ ಫೋನ್ ನಂಬರ್ ಇದ್ದರೆ ಇಲ್ಲಿ ಹಾಕಬೇಡಿ, ಅವರನ್ನು ಕೇಳಿ ನನಗೆ ಮೆಸೇಜ್ ಮಾಡಿ.